ಪಾಸ್‌ವರ್ಡ್ ಬದಲಾಯಿಸುವ ಮೊದಲು

ಬೆಂಗಳೂರಿನ ಸಣ್ಣ ಆಫೀಸುಗಳಿಗೆ ಕಂಪ್ಯೂಟರ್ ಸಪೋರ್ಟ್ ಕೊಡುವುದು ನನ್ನ ಕೆಲಸ. ಆಡಿಟರ್‌ಗಳು, ವಕೀಲರು, ಪೀಣ್ಯದ ಕಡೆ ಒಂದಷ್ಟು ವರ್ಕ್‌ಶಾಪ್‌ಗಳು. ಫೋನ್‌ನಲ್ಲಿ ಜಾಸ್ತಿ ಕೇಳುವುದು ಒಂದೇ ಮಾತು: "ಸಾರ್, ಮೇಲ್ ಪಾಸ್‌ವರ್ಡ್ ಕೇಳ್ತಾ ಇದೆ. ಸರಿಯಾಗೇ ಹಾಕ್ತಿದ್ದೀವಿ, ತಗೊಳ್ತಿಲ್ಲ."

2023ರ ಜುಲೈ ಕೊನೆಯ ವಾರ ರಾಜಾಜಿನಗರದ ಒಂದು ಆಡಿಟರ್ ಆಫೀಸಿನಿಂದ ಇದೇ ಫೋನ್ ಬಂತು. ಜುಲೈ 31 ರಿಟರ್ನ್ ಸಲ್ಲಿಸಲು ಕೊನೆಯ ದಿನ. ಮುಂದಿನ ಕೋಣೆಯಲ್ಲಿ ಫಾರಂ 16 ಹಿಡಿದು ಜನ ಕೂತಿದ್ದರು. ಆಫೀಸಿನಲ್ಲಿ ಮೂರು ಕಂಪ್ಯೂಟರ್, ಮೂರರಲ್ಲೂ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂ, ಎಲ್ಲಕ್ಕೂ ಒಂದೇ ಜಿಮೇಲ್ ಖಾತೆ. ಆ ವಾರವಷ್ಟೇ ತಂದಿದ್ದ ಹೊಸ ಕಂಪ್ಯೂಟರಿಗೆ ಮೇಲ್ ಬರುತ್ತಿತ್ತು. ಆದರೆ ಅದರಿಂದ ಹೋಗುತ್ತಿರಲಿಲ್ಲ.

ನಾನು ಅವಸರ ಮಾಡಿದೆ. ಪಾಸ್‌ವರ್ಡೇ ತಪ್ಪಿರಬೇಕು ಅಂದುಕೊಂಡು ಆಡಿಟರ್ ಸಾರ್ ಹತ್ತಿರ ಒಟಿಪಿ ಕೇಳಿ ಹೊಸ ಪಾಸ್‌ವರ್ಡ್ ಇಟ್ಟೆ. ಅವರು ಕ್ಲೈಂಟ್ ಹತ್ತಿರ ಹೊರಟರು. ಸ್ವಲ್ಪ ಹೊತ್ತಿಗೆ ಉಳಿದ ಎರಡು ಕಂಪ್ಯೂಟರ್‌ಗಳೂ ಲಾಗಿನ್ ಕೇಳಿದವು. ಆಮೇಲೆ ಸ್ಕ್ಯಾನರ್ ನಿಂತಿತು. ಸ್ಕ್ಯಾನ್ ಮಾಡಿದ ಕಾಗದವನ್ನು ನೇರ ಮೇಲ್‌ಗೆ ಕಳಿಸುವ ಮೆಷಿನ್ ಅದು. ಹೊಸ ಕಂಪ್ಯೂಟರಿನಿಂದ ಆಗಲೂ ಮೇಲ್ ಹೋಗಲಿಲ್ಲ. ಅಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಏನಪ್ಪಾ, ಒಂದರಿಂದ ಹೋಗ್ತಿರ್ಲಿಲ್ಲ. ಈಗ ಯಾವುದರಿಂದಲೂ ಹೋಗ್ತಿಲ್ವಲ್ಲ?"

ಆಗ ಕೂತು ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿದೆ. 534 ಅಂತ ಒಂದು ನಂಬರ್, ಪಕ್ಕದಲ್ಲಿ ಆ್ಯಪ್ ಪಾಸ್‌ವರ್ಡ್ (ಒಂದು ಪ್ರೋಗ್ರಾಂ ಅಥವಾ ಮೆಷಿನ್‌ಗೆಂದೇ ಮಾಡಿಕೊಡುವ ಬೇರೆ ಪಾಸ್‌ವರ್ಡ್) ಬೇಕು ಅನ್ನುವ ಮಾತು. ಪಾಸ್‌ವರ್ಡ್ ನಿಜಕ್ಕೂ ತಪ್ಪಾಗಿದ್ದರೆ ಜಿಮೇಲ್ ಸಾಮಾನ್ಯವಾಗಿ 535 ಅನ್ನುತ್ತದೆ. ಅಂದರೆ ಅದು ಬೆಳಗ್ಗೆಯಿಂದ ಹೇಳುತ್ತಿದ್ದುದು ಇಷ್ಟೇ: ಪಾಸ್‌ವರ್ಡ್ ತಪ್ಪಿಲ್ಲ, ಅದನ್ನು ಕೊಡುತ್ತಿರುವ ರೀತಿ ತಪ್ಪು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೆಲ್ಲ ಮೇಲ್ ಪ್ರೋಗ್ರಾಂ ನಮ್ಮ ಪಾಸ್‌ವರ್ಡ್ ಅನ್ನೇ ಇಟ್ಟುಕೊಂಡು ಪ್ರತಿ ಸಲ ಸರ್ವರ್‌ಗೆ ಕೊಡುತ್ತಿತ್ತು. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಅದೇ ವರ್ಷ ಅಕ್ಟೋಬರ್‌ನಿಂದ ಕಂಪನಿಗಳ ಖಾತೆಗಳಲ್ಲಿ ಮೇಲ್ ತರಿಸಿಕೊಳ್ಳುವುದಕ್ಕೆ, 2024ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸಿತು. ಈಗ ಇರುವುದು ಓಆಥ್2. ಗೂಗಲ್‌ನ ಪುಟದಲ್ಲೇ ನಾವು ಲಾಗಿನ್ ಆಗುತ್ತೇವೆ, ಪ್ರೋಗ್ರಾಂಗೆ ಒಂದು ಟೋಕನ್ ಸಿಗುತ್ತದೆ. ಕೆಲಸದವರಿಗೆ ಮನೆ ಕೀಲಿ ಕೊಡುವುದು ಬೇರೆ, ಅಪಾರ್ಟ್‌ಮೆಂಟಿನ ಗೇಟ್ ಪಾಸ್ ಮಾಡಿಸಿಕೊಡುವುದು ಬೇರೆ ಅಲ್ವಾ? ಸ್ಕ್ಯಾನರ್‌ನಂಥ ಹಳೆಯ ಮೆಷಿನ್‌ಗಳಿಗೆ ಇದು ಬರುವುದಿಲ್ಲ. ಅವಕ್ಕೆ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿ ಕೊಡಬೇಕು. ಖಾತೆಯ ಪಾಸ್‌ವರ್ಡ್ ಬದಲಾದ ಕೂಡಲೇ ಆ್ಯಪ್ ಪಾಸ್‌ವರ್ಡ್‌ಗಳೂ ಥಂಡರ್‌ಬರ್ಡ್‌ನ ಟೋಕನ್‌ಗಳೂ ರದ್ದಾಗುತ್ತವೆ. ಅವತ್ತು ನಾನು ಒಂದೇ ಕ್ಲಿಕ್‌ನಲ್ಲಿ ಎಲ್ಲರ ಪಾಸ್ ಕಿತ್ತುಕೊಂಡಿದ್ದೆ.

ನಿಜವಾದ ತೊಂದರೆ ಒಂದೇ ಒಂದು ಕಡೆ ಇತ್ತು. ಹೊಸ ಕಂಪ್ಯೂಟರಿನಲ್ಲಿ ಯಾರೋ ಕೈಯಾರೆ ಸೆಟಪ್ ಮಾಡಿದ್ದರು. ಮೇಲ್ ಬರುವ ಸರ್ವರ್‌ಗೆ ಓಆಥ್2 ಇತ್ತು, ಹೋಗುವ ಸರ್ವರ್‌ಗೆ ಮಾತ್ರ ನಾರ್ಮಲ್ ಪಾಸ್‌ವರ್ಡ್ ಅಂತ ಉಳಿದಿತ್ತು. ಥಂಡರ್‌ಬರ್ಡ್‌ನಲ್ಲಿ ಔಟ್‌ಗೋಯಿಂಗ್ ಸರ್ವರ್ ಪಟ್ಟಿ ಅಕೌಂಟ್ ಸೆಟಿಂಗ್ಸ್‌ನ ಕೊನೆಯಲ್ಲಿ ಬೇರೆಯಾಗಿ ಇರುತ್ತದೆ, ಸುಮಾರು ಜನ ಅಲ್ಲಿವರೆಗೆ ಹೋಗುವುದೇ ಇಲ್ಲ. ಬದಲಾಯಿಸಲು ಒಂದು ನಿಮಿಷ ಸಾಕಾಯಿತು. ನಾನು ಕೆಡಿಸಿದ್ದನ್ನು ಸರಿಮಾಡಲು ಸಂಜೆಯಾಯಿತು. ಪ್ರತಿ ಲಾಗಿನ್‌ಗೂ ಆಡಿಟರ್ ಸಾರ್ ಫೋನಿನಲ್ಲಿ ಒಪ್ಪಿಗೆ ಕೊಡಬೇಕಿತ್ತು, ಅವರು ಮೀಟಿಂಗ್‌ನಲ್ಲಿದ್ದರು. ಜನ ಕಾಯುತ್ತಾ ಕೂತಿದ್ದನ್ನು ನೋಡಿ ತುಂಬಾ ಬೇಜಾರಾಯಿತು.

ಈಗ ಮೊದಲು ಪರದೆಯ ಫೋಟೋ ಕಳಿಸಿ ಅನ್ನುತ್ತೇನೆ. ಆಮೇಲೆ ಅದೇ ಪಾಸ್‌ವರ್ಡ್‌ನಲ್ಲಿ ಬ್ರೌಸರ್‌ನಿಂದ ಲಾಗಿನ್ ಆಗಿ ನೋಡಲು ಹೇಳುತ್ತೇನೆ. ಅಲ್ಲಿ ಆದರೆ ಪಾಸ್‌ವರ್ಡ್ ಮುಟ್ಟುವುದಿಲ್ಲ. ಟೋಕನ್ ಕೆಟ್ಟಿರಬಹುದು ಅನ್ನಿಸಿದರೆ ಥಂಡರ್‌ಬರ್ಡ್‌ನ ಸೇವ್ಡ್ ಪಾಸ್‌ವರ್ಡ್ಸ್‌ನಲ್ಲಿ ಓಆಥ್ ಅಂತ ಶುರುವಾಗುವ ಸಾಲನ್ನು ಅಳಿಸಿ, ಪ್ರೋಗ್ರಾಂ ಮುಚ್ಚಿ ತೆರೆಯುತ್ತೇನೆ. ಲಾಗಿನ್ ಕಿಟಕಿ ಬಂದು ಮುಂದೆ ಹೋಗದಿದ್ದರೆ ಅಲ್ಲಿ ಕುಕೀಸ್ ಆಫ್ ಆಗಿದೆಯಾ ನೋಡುತ್ತೇನೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ದಿನಾ ಬೆಳಗ್ಗೆ ಮೇಲ್ ಓಪನ್ ಆಗುತ್ತಿರಲಿಲ್ಲ. ಅಲ್ಲಿ ಕೆಟ್ಟಿದ್ದದ್ದು ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಸಿಆರ್2032 ಸೆಲ್. ರಾತ್ರಿ ಆಫ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು, ಸರ್ವರ್‌ನ ಸರ್ಟಿಫಿಕೇಟನ್ನು (ಇಂತಿಂಥ ತಾರೀಖಿನೊಳಗೆ ಮಾತ್ರ ನಡೆಯುವ ಅದರ ಗುರುತು ಪತ್ರ) ಕಂಪ್ಯೂಟರ್ ನಂಬುತ್ತಿರಲಿಲ್ಲ.

ರಾಜಾಜಿನಗರದ ಆಫೀಸಿನಲ್ಲಿ ಅವತ್ತೇ ಒಂದು ಚೀಟಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ ಬಂದಿದ್ದೆ. ಈ ಮೇಲ್ ಖಾತೆ ಎಲ್ಲೆಲ್ಲಿ ನಡೆಯುತ್ತಿದೆ ಅನ್ನುವ ಪಟ್ಟಿ: ಮೂರು ಕಂಪ್ಯೂಟರ್, ಸಾರ್ ಫೋನ್, ಸ್ಕ್ಯಾನರ್. ಹೋದ ತಿಂಗಳು ಹೋದಾಗ ನೋಡಿದೆ. ಮೇಡಂ ಕೆಳಗೆ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದ್ದರು: "ಟ್ಯಾಲಿಯಿಂದಲೂ ಬಿಲ್ ಮೇಲ್ ಹೋಗುತ್ತೆ." ಅದು ನನಗೂ ಗೊತ್ತಿರಲಿಲ್ಲ.