ಮಾಂಟ್‌ಗೊಮರಿಯ ಮೇಷ್ಟ್ರು ಮತ್ತು ಹನಿ ಬೀಸ್

ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿ ಬಹಳ ದಿನಗಳಾಗಿದ್ದವು. ಬಿ.ಎಸ್ಸಿ. ಓದಿದ ಈ ಕಾಲೇಜಿನ ಕಾರಿಡಾರು, ಕ್ಯಾಂಟೀನುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನನ್ನ ತರಗತಿಯಲ್ಲೇ ಹಲವರಿದ್ದಾರೆ. ಕಳೆದ ಮಳೆಗಾಲದಲ್ಲಿ, ನಾನು ಇಲ್ಲಿಂದ ಹೋಗಿ ಸೇರಿದ ಅಮೆರಿಕದ ಅಲಬಾಮಾ ಸ್ಟೇಟ್ ವಿಶ್ವವಿದ್ಯಾಲಯದ ನನ್ನ ಎಂ.ಎಸ್. ಮಾರ್ಗದರ್ಶಕರು ತೀರಿಕೊಂಡರೆಂಬ ಸುದ್ದಿ ಬಂದ ಮೇಲೆ, ಬರೆದರೆ ಅವರ ಬಗ್ಗೆಯೇ ಬರೆಯಬೇಕು ಅನ್ನಿಸಿತು. ಅವರ ಬಗ್ಗೆ ಬರೆಯಹೊರಟರೆ ಹನಿ ಬೀಸ್ (ಜೇನುನೊಣಗಳು) ಎಂಬ ಅಲ್ಲಿನ ನೃತ್ಯತಂಡದ ಮಾತು ಬಂದೇ ಬರುತ್ತದೆ. ಏಕೆಂದರೆ ಸೂಕ್ಷ್ಮಜೀವಿಗಳ ಬಗ್ಗೆ ಅವರು ಹೇಳಿಕೊಟ್ಟದ್ದರಲ್ಲಿ ಅರ್ಧದಷ್ಟನ್ನು ಮರೆತಿರುವ ನನಗೆ, ಆ ತಂಡವನ್ನು ಹೇಗೆ ನೋಡಬೇಕೆಂದು ಅವರು ಹೇಳಿಕೊಟ್ಟದ್ದು ಮಾತ್ರ ಮಾತು ಮಾತಾಗಿ ನೆನಪಿದೆ.

ಅಮೆರಿಕದಲ್ಲಿ ಕಪ್ಪು ಜನರ ಶಿಕ್ಷಣಕ್ಕೆಂದೇ 1964ಕ್ಕೆ ಮುಂಚೆ ಸ್ಥಾಪನೆಯಾದ, ಇಂದಿಗೂ ನಡೆಯುತ್ತಿರುವ ಕಾಲೇಜುಗಳು ಸುಮಾರು ನೂರಿವೆ. ಅಲಬಾಮಾ ಸ್ಟೇಟ್ ಅವುಗಳಲ್ಲಿ ಹಳೆಯದು. 1867ರಲ್ಲಿ ಮ್ಯಾರಿಯನ್ ಎಂಬ ಊರಿನಲ್ಲಿ, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರು ಸೇರಿ ಕಟ್ಟಿದ ಶಾಲೆಯಾಗಿ ಹುಟ್ಟಿ, 1887ರಲ್ಲಿ ರಾಜಧಾನಿ ಮಾಂಟ್‌ಗೊಮರಿಗೆ ಬಂದದ್ದು. ಅದರ ಲಾಂಛನ ಹಾರ್ನೆಟ್ ಎಂಬ ಕಣಜದ ಹುಳು, ಬಣ್ಣ ಕಪ್ಪು ಮತ್ತು ಬಂಗಾರ. ಬ್ಯಾಂಡಿನ ಹೆಸರು ಮೈಟಿ ಮಾರ್ಚಿಂಗ್ ಹಾರ್ನೆಟ್ಸ್. ಅದರ ಮುಂದೆ ಕುಣಿಯುವ ಹುಡುಗಿಯರು ಸ್ಟಿಂಗೆಟ್ಸ್. ಇವರ ಜೊತೆಗೆ 2004ರಲ್ಲಿ ಬ್ಯಾಂಡ್ ನಿರ್ದೇಶಕ ಜೇಮ್ಸ್ ಆಲಿವರ್ ಅವರು ಕಟ್ಟಿದ ಇನ್ನೊಂದು ತಂಡವೇ ಹನಿ ಬೀಸ್. ಇದರಲ್ಲಿ ದಪ್ಪ ಮೈಕಟ್ಟಿನ ಹುಡುಗಿಯರಿಗಷ್ಟೇ ಪ್ರವೇಶ.

ನಾನು ಅಲ್ಲಿಗೆ ಹೋದಾಗ ಇದಾವುದೂ ನನಗೆ ಗೊತ್ತಿರಲಿಲ್ಲ. ಶುಲ್ಕದಲ್ಲಿ ರಿಯಾಯಿತಿ ಸಿಕ್ಕಿತು, ಪ್ರಯೋಗಾಲಯದಲ್ಲಿ ಜಾಗ ಸಿಕ್ಕಿತು, ಹೋದೆ. ಮೊದಲ ವಾರವೇ ಮೇಷ್ಟ್ರು ನನ್ನನ್ನು ಕರೆದು, ಶನಿವಾರ ಆಟಕ್ಕೆ ಬರುತ್ತೀಯೋ ಇಲ್ಲವೋ ಎಂದು ಕೇಳಿದರು. ಅಮೆರಿಕದ ಫುಟ್‌ಬಾಲ್ ನನಗೆ ಅರ್ಥವಾಗುವುದಿಲ್ಲ ಎಂದೆ. "ಫುಟ್‌ಬಾಲ್ ಯಾರಿಗೆ ಬೇಕು? ನೀನು ಹಾಫ್‌ಟೈಮಿಗೆ ಬಾ, ಯಂಗ್ ಲೇಡಿ" ಎಂದರು. ಬೇರೆಡೆ ಆಟದ ಮಧ್ಯಂತರದಲ್ಲಿ ಜನ ತಿಂಡಿ ತರಲು ಏಳುತ್ತಾರೆ; ಈ ಕಾಲೇಜುಗಳ ಆಟದಲ್ಲಿ, ಹೊರಗೆ ಹೋಗಿದ್ದವರೂ ಮಧ್ಯಂತರಕ್ಕೆ ಓಡಿಬಂದು ಕೂರುತ್ತಾರೆ. ಬ್ಯಾಂಡುಗಳು ಮೈದಾನಕ್ಕಿಳಿಯುವುದು ಆಗ. ಆಟ ಮುಗಿದ ಮೇಲೂ ಎರಡೂ ಕಾಲೇಜುಗಳ ಬ್ಯಾಂಡುಗಳು ಎದ್ದುಹೋಗದೆ ಎದುರುಬದುರು ನಿಂತು ಒಂದರ ಮೇಲೊಂದು ನುಡಿಸುತ್ತವೆ. ಕಾಲುಕಾಲಾಗಿ ನಾಲ್ಕು ಭಾಗದಲ್ಲಿ ನಡೆಯುವ ಆಟಕ್ಕೆ ಇದನ್ನು ಐದನೆಯ ಕಾಲುಭಾಗ ಎನ್ನುತ್ತಾರೆ. ಎಷ್ಟೋ ಮಂದಿಗೆ ಯಾವ ಕಾಲೇಜು ಗೆದ್ದಿತೆಂಬುದರ ನಿಜವಾದ ತೀರ್ಮಾನ ಆಗುವುದು ಇಲ್ಲಿ.

ಮೇಷ್ಟ್ರು ಅದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. 1960ರ ದಶಕದ ಕೊನೆಯಲ್ಲಿ ಅದೇ ಬ್ಯಾಂಡಿನಲ್ಲಿ ಸೂಸಫೋನ್ ನುಡಿಸಿದವರು. ಸೂಸಫೋನ್ ಎಂದರೆ ಮೈಗೆ ಸುತ್ತಿಕೊಂಡು ಭುಜದ ಮೇಲೆ ಹೊರುವ, ತಲೆಯ ಮೇಲೆ ದೊಡ್ಡ ಬಾಯಿ ತೆರೆದುಕೊಂಡಿರುವ ಹಿತ್ತಾಳೆಯ ಕಹಳೆ. ಸುಮಾರು 15 ಕಿಲೋ ತೂಗುತ್ತದೆ. ಅದನ್ನು ಹೊತ್ತು ಮಂಡಿಯನ್ನು ಸೊಂಟದವರೆಗೆ ಎತ್ತಿ ನಡೆದವರ ಬೆನ್ನು ಹೇಗಿರುತ್ತದೆಯೋ ಅವರ ಬೆನ್ನೂ ಹಾಗೆಯೇ ಇತ್ತು: ಅರವತ್ತು ದಾಟಿದ ಮೇಲೂ ನೆಟ್ಟಗೆ. ಅವರ ಕೋಣೆಯ ಗೋಡೆಯ ಮೇಲೆ ಪಿಎಚ್.ಡಿ. ಪ್ರಮಾಣಪತ್ರ ಒಂದು ಮೂಲೆಯಲ್ಲಿತ್ತು, ಬ್ಯಾಂಡಿನ ಗುಂಪು ಚಿತ್ರ ನಡುಮಧ್ಯದಲ್ಲಿತ್ತು. ಬ್ಯಾಂಡನ್ನು ಮನರಂಜನೆ ಎಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಈ ಕಾಲೇಜಿನ ಬಳಿ ದುಡ್ಡಿಲ್ಲದಾಗ, 'ಬಾಮಾ ಸ್ಟೇಟ್ ಕೊಲೀಜಿಯನ್ಸ್ ಎಂಬ ವಿದ್ಯಾರ್ಥಿಗಳ ಜಾಸ್ ತಂಡ ಊರೂರು ತಿರುಗಿ ನುಡಿಸಿ ಕಾಲೇಜಿಗೆ ಹಣ ತಂದುಕೊಟ್ಟಿತು. ಕಹಳೆ ನುಡಿಸುತ್ತಿದ್ದ ಅರ್ಸ್ಕಿನ್ ಹಾಕಿನ್ಸ್ ಮುಂದೆ ಆ ತಂಡದ ನಾಯಕನಾಗಿ ದೇಶಕ್ಕೇ ಹೆಸರಾದ. "ನಮ್ಮ ಸಂಬಳ ಕೊಟ್ಟದ್ದು ಬ್ಯಾಂಡು, ಬ್ಯಾಕ್ಟೀರಿಯಾ ಅಲ್ಲ" ಎಂಬುದು ಮೇಷ್ಟ್ರ ಖಾಯಂ ಮಾತು.

ಬಾಲ್ಯದಲ್ಲಿ ಅವರು ತಾಯಿಯ ಕೈ ಹಿಡಿದು ನಡೆದವರು ಕೂಡ. 1955ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮೀರಿ ಮಾಂಟ್‌ಗೊಮರಿಯ ಕಪ್ಪು ಜನ ನಗರದ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದ ಕಥೆ ಎಲ್ಲರಿಗೂ ಗೊತ್ತಿದೆ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲೊಪ್ಪದ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿ ಆ ಬಹಿಷ್ಕಾರದ ಕರಪತ್ರಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮುದ್ರಿಸಿದ್ದು ಇದೇ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ. ಮುದ್ರಿಸಿದವರು ಇಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜೋ ಆ್ಯನ್ ರಾಬಿನ್ಸನ್. ಇದನ್ನೆಲ್ಲ ಮೇಷ್ಟ್ರು ಹೇಳುತ್ತಿದ್ದುದು ಪಾಠದ ನಡುವೆ ಅಲ್ಲ, ಕ್ರ್ಯಾಮ್ಟನ್ ಬೌಲ್ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ಬ್ಯಾಂಡ್ ಬರುವುದನ್ನು ಕಾಯುವಾಗ. ಅವರ ಮಾತಿನಲ್ಲಿ ಚರಿತ್ರೆಯೂ ಬ್ಯಾಂಡೂ ಒಂದೇ ಸಾಲಿನಲ್ಲಿ ನಡೆಯುತ್ತಿದ್ದವು.

ಹನಿ ಬೀಸ್ ತಂಡವನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಸ್ಟಿಂಗೆಟ್ಸ್ ಕುಣಿದು ಸರಿದ ಮೇಲೆ ಡ್ರಮ್ಮುಗಳ ಸಾಲು ಒಂದು ಉರುಳು ಕೊಟ್ಟಿತು. ಕಪ್ಪು ಬಂಗಾರದ ಬಿಗಿ ಉಡುಪು ತೊಟ್ಟ ಹುಡುಗಿಯರು ಬಂದು ನಿಂತರು. ಯಾವ ಅಂಗಡಿಯಲ್ಲೂ ಸಿದ್ಧ ಅಳತೆಯಲ್ಲಿ ಸಿಗದ ಉಡುಪುಗಳವು, ಮೈಗೆ ಅಳೆದು ಹೊಲಿಸಿದವು. ನಾನು ತಲೆ ತಗ್ಗಿಸಿದೆ. ಜನ ನಗುತ್ತಾರೆ, ಆ ನಗು ನನಗೂ ತಾಗುತ್ತದೆ ಎಂಬ ಭಯ. ಕೆಲವರು ನಕ್ಕರು ಕೂಡ, ಅದನ್ನು ಮರೆಮಾಚುವುದಿಲ್ಲ. ಆದರೆ ತುತ್ತೂರಿಗಳು ಎದ್ದು ಎಂಟು ಎಣಿಕೆ ಮುಗಿಯುವಷ್ಟರಲ್ಲಿ ಆ ನಗು ಕೂಗಾಗಿ ಮಾರ್ಪಟ್ಟಿತ್ತು. ಸಾಲಿನ ಕೊನೆಯ ಹುಡುಗಿ ನೇರವಾಗಿ ಎರಡೂ ಕಾಲು ಚಾಚಿ ನೆಲಕ್ಕೆ ಕೂತು, ಮುಂದಿನ ಎಣಿಕೆಗೆ ಎದ್ದು ನಿಂತದ್ದನ್ನು ನೋಡಿದವಳಿಗೆ ತಲೆ ತಗ್ಗಿಸಲು ಪುರುಸೊತ್ತಿರಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗದೆ ಹೇಳಿದರು: "ಮುಖ ನೋಡಬೇಡ, ಮೈಯನ್ನೂ ನೋಡಬೇಡ. ಪಾದ ನೋಡು. ಎಲ್ಲರ ಪಾದವೂ ಒಟ್ಟಿಗೆ ಬೀಳುತ್ತಿದೆಯೇ? ಅಷ್ಟೇ ಪ್ರಶ್ನೆ." ಬೀಳುತ್ತಿತ್ತು.

ನನಗೆ ಆ ಮಾತು ಏಕೆ ತಾಗಿತೆಂದು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ಚಿಕ್ಕಂದಿನಲ್ಲಿ ನಮ್ಮೂರಿನಲ್ಲಿ ಭರತನಾಟ್ಯ ಕಲಿಯುತ್ತಿದ್ದೆ. ಅಡವುಗಳು ಮುಗಿದು ಶಾಲಾ ವಾರ್ಷಿಕೋತ್ಸವಕ್ಕೆ ವೇದಿಕೆ ಹತ್ತುವ ಸಮಯ ಬಂದಾಗ, ನೃತ್ಯದ ಟೀಚರು ಅಮ್ಮನನ್ನು ಪಕ್ಕಕ್ಕೆ ಕರೆದು, "ಮಗುವಿಗೆ ತಾಳಜ್ಞಾನ ತುಂಬ ಚೆನ್ನಾಗಿದೆ, ನಟ್ಟುವಾಂಗ ಕಲಿಯಲಿ" ಎಂದರು. ಬಾಡಿಗೆಗೆ ತಂದ ಉಡುಪುಗಳಲ್ಲಿ ಒಂದೂ ನನ್ನ ಮೈಗೆ ಹಿಡಿಸಿರಲಿಲ್ಲ ಎಂಬುದು ನಿಜವಾದ ಕಾರಣ. ಉಳಿದವರು ಕುಣಿದರು, ನಾನು ಜಮಖಾನೆಯ ಮೇಲೆ ಕೂತು ಕೈತಾಳ ಹಾಕಿದೆ. ಅಂದು ಕೂತವಳು ಮತ್ತೆ ಏಳಲಿಲ್ಲ. ತಾಳ ಮಾತ್ರ ಗಟ್ಟಿಯಾಯಿತು. ಅದು ಪರದೇಶದಲ್ಲಿ ಉಪಯೋಗಕ್ಕೆ ಬಂತು.

ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಶುಲ್ಕಕ್ಕೆ ಹಣ ಹೊಂದಿಸಿಕೊಳ್ಳುತ್ತಿದ್ದ ಪದವಿ ವಿದ್ಯಾರ್ಥಿನಿಯೊಬ್ಬಳಿದ್ದಳು. ಅವಳು ಹನಿ ಬೀಸ್ ತಂಡದವಳು ಎಂದು ಗೊತ್ತಾದದ್ದು ತಡವಾಗಿ, ಏಕೆಂದರೆ ಅವಳು ಅದನ್ನು ಹೇಳಿಕೊಂಡು ತಿರುಗುವವಳಲ್ಲ. ಅಕ್ಟೋಬರಿನ ಕೊನೆಯ ಶನಿವಾರ ಬರ್ಮಿಂಗ್‌ಹ್ಯಾಮಿನ ಲೀಜನ್ ಫೀಲ್ಡ್‌ನಲ್ಲಿ ಅಲಬಾಮಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಜೊತೆ ನಡೆಯುವ ಮ್ಯಾಜಿಕ್ ಸಿಟಿ ಕ್ಲಾಸಿಕ್ ಹತ್ತಿರವಾಗುತ್ತಿತ್ತು. ಅದು ಸುಮಾರು 70,000 ಜನ ಹಿಡಿಸುವ ಕ್ರೀಡಾಂಗಣ, ಬೆಳಿಗ್ಗೆ ಬೇರೆ ಮೆರವಣಿಗೆ. ಒಂದು ಸಂಜೆ ಪ್ರಯೋಗಾಲಯದ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ, ಸೂಕ್ಷ್ಮಜೀವಿ ಬೆಳೆಸುವ ಅಗಾರ್ ಬೇಯಲು ಇಟ್ಟಿದ್ದೆವು, ಮೇಷ್ಟ್ರು ಮೀಟಿಂಗಿಗೆ ಹೋಗಿದ್ದರು. ಅವಳು ಹೊರಗಿನ ಕಾರಿಡಾರಿನಲ್ಲಿ ಹೆಜ್ಜೆ ಅಭ್ಯಾಸ ಮಾಡತೊಡಗಿದಳು. ಕಿಣ್ವಗಳು ಬರುವ ಖಾಲಿ ಥರ್ಮೊಕೋಲ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ನಾನು ಆದಿತಾಳದ ಎಂಟು ಅಕ್ಷರ ಬಾರಿಸಿದೆ, ಅವಳ ಎಂಟು ಎಣಿಕೆಗೆ ಅದು ಸರಿಯಾಗಿ ಕೂತಿತು. ಮೊದಲು ಅವಳು, ಆಮೇಲೆ ಪಕ್ಕದ ಪ್ರಯೋಗಾಲಯದ ನೈಜೀರಿಯಾದ ಹುಡುಗ, ಕೊನೆಗೆ ಪೆಟ್ಟಿಗೆಯನ್ನು ಆ ಹುಡುಗನ ಕೈಗೆ ಕೊಟ್ಟು ನಾನೂ. ಅವಳು ಕಲಿಸಿಕೊಟ್ಟದ್ದು ಕಷ್ಟವೇನಲ್ಲ: ನಾಯಕಿ ಒಂದು ಚಲನೆ ಎಸೆಯುತ್ತಾಳೆ, ಸಾಲಿನಲ್ಲಿ ಹಿಂದಿರುವವರು ಒಂದೊಂದು ಎಣಿಕೆ ತಡವಾಗಿ ಅದನ್ನು ಹಿಡಿಯುತ್ತ ಹೋಗುತ್ತಾರೆ. ಬ್ಯಾಂಡಿನವರು ಮೆಟ್ಟಿಲ ಮೇಲೆ ಕೂತಿರುವಾಗ ನರ್ತಕಿಯರು ಮಾಡುವುದು ಇದನ್ನೇ. ನಾವು ಅದನ್ನು ಎಷ್ಟನೆಯ ಸಲವೋ ಮಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಯಂಗ್ ಲೇಡಿ, ಮೂರನೆಯ ಎಣಿಕೆಗೆ ನಿನ್ನ ಎಡಗೈ ತಡವಾಗುತ್ತಿದೆ."

ಮೇಷ್ಟ್ರು ಕಾಫಿ ಮಗ್ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಆಟೋಕ್ಲೇವ್ ಕೂಗಿ ಸುಮ್ಮನಾಗಿ ಎಷ್ಟು ಹೊತ್ತಾಗಿತ್ತೋ, ಅಗಾರ್ ಬಾಟಲಿಯಲ್ಲೇ ಗಟ್ಟಿಯಾಗಿತ್ತು. ಬೈಗುಳಕ್ಕೆ ಸಿದ್ಧರಾಗಿ ನಿಂತೆವು. ಅವರು ಮಗ್ಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಭುಜದ ಮೇಲೆ ಇಲ್ಲದ ಸೂಸಫೋನನ್ನು ಏರಿಸಿಕೊಂಡು, ಅದರ ಬಾಯನ್ನು ಎಡಕ್ಕೂ ಬಲಕ್ಕೂ ತೂಗುತ್ತ ಕಾರಿಡಾರಿನ ತುದಿಯವರೆಗೆ ಮಂಡಿ ಎತ್ತಿ ನಡೆದು ತೋರಿಸಿದರು. ತಿರುಗಿ ಬಂದು ಮಗ್ ಎತ್ತಿಕೊಂಡು, ಮೂವರೂ ಸೇರಿ ಎಲ್ಲ ವಾಟರ್ ಬಾತ್‌ಗಳನ್ನೂ ಇವತ್ತೇ ತೊಳೆದು ಹೋಗಬೇಕೆಂದು ಅಪ್ಪಣೆ ಕೊಡಿಸಿದರು. ಆ ವರ್ಷದ ಪಠ್ಯದಲ್ಲಿ ಏನೇನಿತ್ತೆಂದು ಕೇಳಿದರೆ ಇಂದು ನಾನು ಅಂಕಪಟ್ಟಿ ತೆಗೆದು ನೋಡಬೇಕು.

ಇಷ್ಟು ಬ್ಯಾಂಡಿನ ಹುಚ್ಚಿದ್ದ ಮೇಷ್ಟ್ರಿಗೂ ಹನಿ ಬೀಸ್ ಬಗ್ಗೆ ಒಂದು ತಕರಾರಿತ್ತು. ಪಾದ ಒಟ್ಟಿಗೆ ಬೀಳುವುದೊಂದೇ ಪ್ರಶ್ನೆಯಾದರೆ ಇವರಿಗೆ ಬೇರೆ ತಂಡ ಏಕೆ, ಮುಖ್ಯ ತಂಡದಲ್ಲೇ ನಿಲ್ಲಿಸಬಾರದೇಕೆ ಎಂಬುದು. ನ್ಯಾಯವಾದ ಪ್ರಶ್ನೆಯೇ. ಇಂಥದ್ದೇ ಇನ್ನೊಂದು ಕಾಲೇಜಾದ ಜಾಕ್ಸನ್ ಸ್ಟೇಟ್‌ನ ನೃತ್ಯತಂಡ ಪ್ರಾನ್ಸಿಂಗ್ ಜೆ-ಸೆಟ್ಸ್ 1970ರಲ್ಲಿ ಕೈಯಲ್ಲಿ ತಿರುಗಿಸುವ ಕೋಲು, ಅಂದರೆ ಬೇಟನ್, ಕೆಳಗಿಟ್ಟು ಬರಿಯ ಕುಣಿತಕ್ಕೆ ಹೊರಳಿದ ಕಾಲದಿಂದ ಈ ತಂಡಗಳಿಗೆ ಒಂದು ಅಚ್ಚು ಬಿದ್ದುಹೋಗಿದೆ; ಉದ್ದ ಕಾಲು, ಸಣ್ಣ ನಡು ಇಲ್ಲದವಳು ಎಷ್ಟು ಚೆನ್ನಾಗಿ ಕುಣಿದರೂ ಆಡಿಷನ್ನಿನ ಮೊದಲ ಸುತ್ತಿನಲ್ಲೇ ಮನೆಗೆ. ಪ್ರತ್ಯೇಕ ತಂಡ ಕಟ್ಟಿದರೆ ಆ ಅಚ್ಚು ಹಾಗೇ ಉಳಿಯುತ್ತದಲ್ಲ? ಗಾಜಿನ ಸಾಮಾನು ತೊಳೆಯುವ ಹುಡುಗಿ ಇದಕ್ಕೆ ಕೈ ಒರೆಸಿಕೊಳ್ಳುತ್ತ ಉತ್ತರ ಕೊಟ್ಟಳು: "ಡಾಕ್ಟರ್, ಅವರ ಸಾಲಿನ ಕೊನೆಯಲ್ಲಿ ನಿಲ್ಲುವುದಕ್ಕಿಂತ ನನ್ನ ಸಾಲಿನ ಮುಂದೆ ನಿಲ್ಲುತ್ತೇನೆ. ಜನ ಕಾಯುವುದು ನಮ್ಮ ಹೆಸರು ಕೂಗಲಿ ಎಂದು." ಮೇಷ್ಟ್ರು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ನಾನು ಅವಳ ಕಡೆ. ಯಾರೋ ಮನಸ್ಸು ದೊಡ್ಡದು ಮಾಡಿ ಜಾಗ ಬಿಡುವವರೆಗೆ ಕಾಯುತ್ತ ಕೂತವರ ಗತಿ ಏನೆಂದು ಕೈತಾಳ ಹಾಕಿದವಳಿಗೆ ಗೊತ್ತಿದೆ. ಕನಿಕರಕ್ಕೆ ಕಟ್ಟಿದ ತಂಡವೂ ಅದಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ, 1924ರಿಂದ ನಡೆದುಬಂದ ಟರ್ಕಿ ಡೇ ಕ್ಲಾಸಿಕ್ ಆಟದ ಬೆಳಗಿನ ಮೆರವಣಿಗೆಯಲ್ಲಿ ಊರಿನ ಬೀದಿಗಳುದ್ದಕ್ಕೂ ಅವರು ಉಳಿದವರಷ್ಟೇ ದೂರ ಕುಣಿದುಕೊಂಡೇ ನಡೆಯಬೇಕಿತ್ತು.

ಇತ್ತೀಚೆಗೆ ನಮ್ಮ ಕಡೆಯ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಲಸಿಕೆ ತಯಾರಿಕೆಯ ಗುಣಮಟ್ಟ ವಿಭಾಗವನ್ನು ನಡೆಸುವ ಸ್ಥಾನಕ್ಕೆ ಬಂದ ಮೇಲೆ ಇಂಥ ಕರೆಗಳು ಬರುತ್ತವೆ, ಮಾಲೆ ಹಾಕಿಸಿಕೊಳ್ಳುವುದು ನನಗೂ ಹಿತವೇ. ಹುಡುಗ ಹುಡುಗಿಯರು ಬಹಳ ಚೆನ್ನಾಗಿ ಕುಣಿದರು. ಹಾಡು ಪೆನ್‌ಡ್ರೈವಿನಿಂದ, ಹೆಜ್ಜೆ ದುಡ್ಡು ಕೊಟ್ಟು ಕರೆಸಿದ ಕೊರಿಯೋಗ್ರಾಫರಿನಿಂದ. ಆ ಮಕ್ಕಳಲ್ಲಿ ಒಬ್ಬರೂ ವಾದ್ಯ ನುಡಿಸಲಿಲ್ಲ. ವೇದಿಕೆಯ ಪಕ್ಕದಲ್ಲಿ ದುಂಡು ಮೈಯ ಇಬ್ಬರು ಹುಡುಗಿಯರು ಸ್ವಯಂಸೇವಕರ ಬ್ಯಾಡ್ಜ್ ಹಾಕಿಕೊಂಡು ನೀರಿನ ಬಾಟಲಿ ಹಂಚುತ್ತಿದ್ದರು, ಹಾಡು ಬಂದಾಗಲೆಲ್ಲ ಅವರ ಪಾದ ತಾನಾಗಿ ತಾಳ ಹಾಕುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಸಾಂಸ್ಕೃತಿಕ ಸಮಿತಿಯ ಸಂಚಾಲಕರನ್ನು, ಇವರು ಏಕೆ ಕುಣಿಯಲಿಲ್ಲ ಎಂದು ಕೇಳಿದೆ. ವಿಡಿಯೋ ಎಲ್ಲ ಕಡೆ ಹೋಗುತ್ತದೆ ಮೇಡಂ, ಸ್ವಲ್ಪ ಪ್ರೆಸೆಂಟೇಷನ್ ನೋಡಬೇಕಾಗುತ್ತದೆ ಎಂದರು. ನಮ್ಮ ಕಾಲದ ಟೀಚರಾದರೂ ಪರವಾಗಿಲ್ಲ, ತಾಳಜ್ಞಾನವನ್ನು ಹೊಗಳಿ ಕೂರಿಸಿದ್ದರು. ನನ್ನ ಭಾಷಣದಲ್ಲಿ ಹನಿ ಬೀಸ್ ವಿಷಯವನ್ನೇ ಹೇಳಿದೆ. ಚಪ್ಪಾಳೆ ಜೋರಾಗಿ ಬಿತ್ತು, ಮಾತು ಎಷ್ಟು ಒಳಗೆ ಇಳಿಯಿತೋ ಹೇಳಲಾರೆ.

2023ರ ಫೆಬ್ರವರಿಯಲ್ಲಿ ಕಪ್ಪು ಕಾಲೇಜುಗಳ ಬ್ಯಾಂಡುಗಳ ದೊಡ್ಡ ಮೇಳವಾದ ಹೋಂಡಾ ಬ್ಯಾಟಲ್ ಆಫ್ ದ ಬ್ಯಾಂಡ್ಸ್ ಅಟ್ಲಾಂಟಾ ಬಿಟ್ಟು ಅಲಬಾಮಾ ಸ್ಟೇಟ್‌ನ ಸ್ವಂತ ಕ್ರೀಡಾಂಗಣಕ್ಕೆ ಬಂದಾಗ, ಮೇಷ್ಟ್ರು ನಿವೃತ್ತರಾಗಿದ್ದರೂ ಊರುಗೋಲು ಹಿಡಿದು ಹೋಗಿ, ನನಗೆ ಮೂರು ಸಾಲಿನ ಮಿಂಚಂಚೆ ಕಳಿಸಿದ್ದರು: ಸೂಸಫೋನುಗಳು ಪರವಾಗಿಲ್ಲ, ಡ್ರಮ್ಮುಗಳು ಅತಿ ಜೋರು, ನಿನ್ನ ಎಡಗೈ ಹೇಗಿದೆ. ಅವರ ಸಾವಿನ ಸುದ್ದಿಯನ್ನು ತಿಳಿಸಿದವಳು ಅದೇ ಹುಡುಗಿ. ಈಗ ಅವಳು ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ಸಂಜೆ ನೃತ್ಯತಂಡ ನಡೆಸುತ್ತಾಳೆ. ಆಯ್ಕೆಗೆ ಅವಳು ನೋಡುವುದು ಮೂರು ಎಂಟೆಣಿಕೆಗಳನ್ನು ಎಷ್ಟು ಬೇಗ ಕಲಿಯುತ್ತಾರೆ, ಮೆರವಣಿಗೆಯ ದೂರ ನಡೆಯಬಲ್ಲರೇ ಮತ್ತು ಗಣಿತದಲ್ಲಿ ಪಾಸಾಗಿದ್ದಾರೆಯೇ ಎಂದು. ಮೇಷ್ಟ್ರ ನೆನಪಿಗೆ ಹೊಸ ಕುಣಿತವೊಂದನ್ನು ಕಟ್ಟುತ್ತಿದ್ದೇನೆ, ಆ ಪೆಟ್ಟಿಗೆಯ ತಾಳವನ್ನು ಬಾರಿಸಿ ಕಳಿಸು ಎಂದು ಕೇಳಿದಳು. ನನ್ನ ಮಗಳ ನಟ್ಟುವಾಂಗದ ತಾಳಗಳನ್ನು ತೆಗೆದು, ವಿಳಂಬದಲ್ಲಿ ಶುರುಮಾಡಿ ಶಾಸ್ತ್ರೋಕ್ತವಾಗಿ ಧ್ವನಿಮುದ್ರಿಸಿ ಕಳಿಸಿದೆ. ತಾಳ ಚೆನ್ನಾಗಿದೆ, ಆದರೆ ಇಷ್ಟು ನಿಧಾನಕ್ಕೆ ನನ್ನ ಹುಡುಗಿಯರು ನಿದ್ದೆ ಮಾಡುತ್ತಾರೆ, ಥರ್ಮೊಕೋಲ್ ಪೆಟ್ಟಿಗೆಯ ಮೇಲೇ ಬಾರಿಸು ಎಂದು ಉತ್ತರ ಬಂತು. ಮರುದಿನ ಕಚೇರಿಯಲ್ಲಿ ಒಂದು ಪೆಟ್ಟಿಗೆಯನ್ನು ಎತ್ತಿಟ್ಟುಕೊಂಡೆ.