ಸಮುದ್ರದ ಗೇಣಿ ಯಾರಿಗೆ ಸೇರಬೇಕು?

ಐಸ್‌ಲ್ಯಾಂಡಿನಲ್ಲಿ ಊಟದ ಮೇಜಿನ ಮುಂದೆ ಜಗಳ ಬೇಕಿದ್ದರೆ ಮೀನು ಹಿಡಿಯಲು ದೋಣಿ ಮಾಲೀಕರು ಸರ್ಕಾರಕ್ಕೆ ಕಟ್ಟುವ ಶುಲ್ಕದ ಮಾತು ತೆಗೆದರೆ ಸಾಕು. 2025ರ ಬೇಸಿಗೆಯಲ್ಲಿ ಆ ಶುಲ್ಕವನ್ನು ಏರಿಸುವ ಮಸೂದೆಯ ಮೇಲೆ ಸಂಸತ್ತಿನಲ್ಲಿ ಭಾಷಣಗಳು ಮುಗಿಯಲೇ ಇಲ್ಲ. ಕೊನೆಗೆ ಜುಲೈನಲ್ಲಿ, ದಶಕಗಳಿಂದ ಯಾರೂ ಮುಟ್ಟದ ನಿಯಮವೊಂದನ್ನು ಬಳಸಿ ಚರ್ಚೆ ನಿಲ್ಲಿಸಿದರು; ಮಸೂದೆ ಅಂಗೀಕಾರವಾಯಿತು.

1984ರಲ್ಲಿ, ತಣ್ಣನೆಯ ಕಡಲಿನ ಕಾಡ್ ಎಂಬ ಮೀನಿನ ಸಂತತಿ ಕುಸಿಯುವ ಭಯದಿಂದ, ಸರ್ಕಾರ ವರ್ಷಕ್ಕೆ ಹಿಡಿಯಬಹುದಾದ ಒಟ್ಟು ಮೀನನ್ನು ದೋಣಿಗಳಿಗೆ ಹಂಚಿತು. ಹಿಂದಿನ ಮೂರು ವರ್ಷ ಯಾರು ಎಷ್ಟು ಹಿಡಿದಿದ್ದರೋ ಅದೇ ಅಳತೆ. ಈ ಪಾಲು, ಅಂದರೆ ಕೋಟಾ, ಬಿಟ್ಟಿಯಾಗಿಯೇ ಸಿಕ್ಕಿತು. 1990ರ ಕಾನೂನು ಆ ಪಾಲನ್ನು ಮುಕ್ತವಾಗಿ ಮಾರಲು ಬಿಟ್ಟಿತು. ತಮಾಷೆಯೆಂದರೆ, ಮೀನು ಇಡೀ ರಾಷ್ಟ್ರದ ಸ್ವತ್ತು ಎಂದು ಅದೇ ಕಾನೂನಿನ ಮೊದಲ ಕಲಮಿನಲ್ಲಿದೆ!

ದೋಣಿಗಳು ಕಡಿಮೆಯಾದವು, ಲಾಭ ಹೆಚ್ಚಿತು, ಕೋಟಾ ಮಾರಿಕೊಂಡ ಸಣ್ಣ ಊರುಗಳು ಸೊರಗಿದವು. ಸರ್ಕಾರ ಶುಲ್ಕ ವಸೂಲಿಗೆ ಇಳಿದದ್ದು 2004ರಲ್ಲಿ. ಅಷ್ಟರೊಳಗೆ ಬಿಟ್ಟಿ ಪಡೆದವರಲ್ಲಿ ಅನೇಕರು ಮಾರಿ, ಹಣ ಎಣಿಸಿಕೊಂಡು ಹೋಗಿಯಾಗಿತ್ತು. ಕೊಂಡವರು ಸಾಲ ಮಾಡಿ ಕೊಂಡಿದ್ದರು. ತೋಟದ ಕಂದಾಯ ಏರಿದರೆ ತೋಟದ ಬೆಲೆ ಇಳಿಯುವಂತೆ, ಶುಲ್ಕ ಏರಿದಾಗ ಕೋಟಾದ ಬೆಲೆಯೂ ಇಳಿಯುತ್ತದೆ. ಪೆಟ್ಟು ಬೀಳುವುದು ಆ ಹೊತ್ತಿಗೆ ಕೋಟಾ ಕೈಯಲ್ಲಿರುವವನಿಗೆ. 2012ರಲ್ಲಿ ಮಾಲೀಕರು ದೋಣಿಗಳನ್ನು ಬಂದರಿನಲ್ಲೇ ಕಟ್ಟಿಹಾಕಿ ಪ್ರತಿಭಟಿಸಿದ್ದರ ಹಿಂದಿನ ಸಿಟ್ಟು ಇದೇ.

ಆದರೂ ನಾನು ಶುಲ್ಕದ ಪರ. ಹಿಡಿಯುವ ಪ್ರಮಾಣ ಮೊದಲೇ ನಿಗದಿಯಾಗಿರುವುದರಿಂದ, ಲಾಭದ ಒಂದು ಪಾಲು ಕೊಟ್ಟ ಮಾತ್ರಕ್ಕೆ ಯಾರೂ ಕಡಿಮೆ ಮೀನು ಹಿಡಿಯುವುದಿಲ್ಲ. ಮಾಲೀಕರು ಕೊಡುತ್ತಿರುವುದು ಸಮುದ್ರದ ಗೇಣಿಯನ್ನು, ತಮ್ಮ ದುಡಿಮೆಯ ಕೂಲಿಯನ್ನಲ್ಲ. ನಮ್ಮ ಕರಾವಳಿಯಲ್ಲಿ ಕೋಟಾ ಇಲ್ಲ. ಮಳೆಗಾಲದ ನಿಷೇಧವಿದೆ, ದೋಣಿಗಳಿಗೆ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಇದೆ. ಅಲ್ಲಿಂದ ಬಂದವನಿಗೆ ಮೀನುಗಾರರಿಂದ ಸರ್ಕಾರವೇ ಹಣ ಕೇಳುವುದು ಮೊದಮೊದಲು ವಿಚಿತ್ರವೆನಿಸಿತ್ತು.

ಶುಲ್ಕವೆಂದರೆ ಲೆಕ್ಕ ಹಾಕಿದ ಲಾಭದ 33 ಶೇಕಡಾ. ಆದರೆ ಲಾಭ ಎಷ್ಟು? ದೋಣಿಯೂ ಮೀನು ಸಂಸ್ಕರಿಸುವ ಕಾರ್ಖಾನೆಯೂ ಒಂದೇ ಕಂಪನಿಯದ್ದಾದರೆ, ತನ್ನ ಮೀನನ್ನು ತನಗೇ ಅಗ್ಗಕ್ಕೆ ಮಾರಿದಂತೆ ಬರೆದುಕೊಂಡು ದೋಣಿಯ ಲಾಭವನ್ನು ಕಡಿಮೆ ತೋರಿಸಬಹುದು. ಅದಕ್ಕೇ 2025ರ ಕಾನೂನು ಕಾಡ್ ಮೀನಿಗೆ ಹರಾಜು ಮಾರುಕಟ್ಟೆಯ ದರವನ್ನು, ಬಂಗುಡೆಯ ಜಾತಿಯ ಮ್ಯಾಕೆರೆಲ್‌ಗೆ ನಾರ್ವೆಯ ದರವನ್ನು ಆಧಾರವಾಗಿ ಹಿಡಿಯುತ್ತದೆ. ನಾರ್ವೆಯವರು ಹಿಡಿಯುವುದು ಶರತ್ಕಾಲದ ಕೊಬ್ಬಿದ ಮೀನು, ನಮ್ಮದಕ್ಕೆ ಆ ಬೆಲೆ ಎಲ್ಲಿ ಬರುತ್ತದೆ ಎಂದು ಮಾಲೀಕರು ಕೇಳುತ್ತಾರೆ. ಅವರ ಎಲ್ಲ ತಕರಾರುಗಳಲ್ಲಿ ಹುರುಳಿರುವುದು ಇದೊಂದರಲ್ಲೇ.