ಬಂದರಿನ ಗೆರೆ, ಹೊಳೆಯ ಬಂಡೆ

ಆನೆಗೊಂದಿಯ ದಡದಲ್ಲಿ ಹರಿಗೋಲು ನಡೆಸುತ್ತಿದ್ದ ನಮ್ಮ ಅಜ್ಜ ಹೊಳೆಯ ನಡುವಿನ ಒಂದು ಬಂಡೆಯನ್ನು ನೋಡಿ ದಿನದ ಕೆಲಸ ನಿರ್ಧರಿಸುತ್ತಿದ್ದರು. ಅದರ ನೆತ್ತಿ ಮುಳುಗಿದ ದಿನ, ಎಂಥ ಅವಸರದವರು ಬಂದು ನಿಂತರೂ, ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಮನೆಗೆ ಬಂದುಬಿಡುತ್ತಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಹೊಳೆ ಏರಿದಾಗ ನಮ್ಮ ಮನೆಯವರು ಯಾರ ಆದೇಶಕ್ಕೂ ಕಾಯಲಿಲ್ಲ. ಆದರೆ ಬೇರೊಂದು ಸಲ, ನೀರು ತಗ್ಗಿ ಬಂಡೆಗಳೆಲ್ಲ ಎದ್ದು ಕಾಣುತ್ತಿದ್ದ ದಿನಗಳಲ್ಲಿ, ‘ಭದ್ರತೆಯ ದೃಷ್ಟಿಯಿಂದ’ ಎಂಬ ಎರಡೇ ಮಾತು ಹೇಳಿ ವಿಹಾರದ ಹರಿಗೋಲುಗಳನ್ನು ನಿಲ್ಲಿಸಲಾಯಿತು. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ, ಯಾವ ಅಪಾಯಕ್ಕಾಗಿ ಎಂದು ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಮುಂಬೈ ಬಂದರನ್ನು ನೋಡಿದೆ. ಕೆಲಸಕ್ಕೆಂದು ಅಲ್ಲಿರುವ ತಮ್ಮನೊಡನೆ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಲಾಂಚಿನಲ್ಲಿ ಹೋಗುವಾಗ ನೌಕಾಪಡೆಯ ಹಡಗುಗಳು, ತೈಲದ ಹಡಗುಗಳು ಬಂದು ನಿಲ್ಲುವ ಜವಾಹರ ದ್ವೀಪ, ನ್ಹಾವಾ ಶೇವಾ ಕಡೆಗೆ ಸಾಗುವ ಕಂಟೇನರ್ ಹಡಗುಗಳು, ಮೀನುಗಾರರ ದೋಣಿಗಳು, ಹಾಯಿ ಬಿಚ್ಚಿದ ವಿಹಾರ ನೌಕೆಗಳು, ಎಲ್ಲವೂ ಅದೇ ನೀರಿನ ಮೇಲಿದ್ದವು. ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿದ್ದ ಹತ್ತು ಮಂದಿ ಉಗ್ರರು 2008ರ ನವೆಂಬರ್ 26ರಂದು ರಬ್ಬರ್ ದೋಣಿಯಲ್ಲಿ ಕೊಲಾಬಾದ ದಡಕ್ಕೆ ಇಳಿದದ್ದು ಈ ನಗರದ ಕಡಲಿನಿಂದಲೇ. ಅವರನ್ನು ಮೊದಲು ಕಂಡು ಅನುಮಾನಪಟ್ಟವರು ಅಲ್ಲಿನ ಮೀನುಗಾರರು ಎಂಬುದನ್ನು ನಾನು ಮರೆಯಲಾರೆ. ನೀರಿನ ಮೇಲೆ ಬದುಕುವವನನ್ನು ದೂರ ಅಟ್ಟಿದರೆ ಕಾವಲಿನ ಒಂದು ಕಣ್ಣೇ ಹೋಗುತ್ತದೆ.

ಆ ದಾಳಿಯ ನಂತರ ಕರಾವಳಿಯ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು, 20 ಮೀಟರಿಗಿಂತ ಉದ್ದದ ದೋಣಿಗಳು ತಮ್ಮ ಗುರುತನ್ನು ತಾವೇ ಪ್ರಸಾರ ಮಾಡುವ ಯಂತ್ರವನ್ನು ಇಟ್ಟುಕೊಳ್ಳಬೇಕಾಯಿತು. ಸಣ್ಣ ವಿಹಾರ ದೋಣಿಗಳು ಈ ಅಳತೆಯ ಕೆಳಗೇ ಉಳಿಯುತ್ತವೆ. ಗುರುತು ಹೇಳದ ದೋಣಿಯ ಉದ್ದೇಶವನ್ನು ಅದರ ದೂರ ಮತ್ತು ವೇಗದಿಂದಲೇ ಊಹಿಸಬೇಕಾಗುತ್ತದೆ. 2000ದ ಅಕ್ಟೋಬರ್ 12ರಂದು ಯೆಮೆನ್ ದೇಶದ ಏಡನ್ ಬಂದರಿನಲ್ಲಿ ಸ್ಫೋಟಕ ತುಂಬಿದ ಸಣ್ಣ ದೋಣಿಯೊಂದು ಅಮೆರಿಕದ ‘ಕೋಲ್’ ಯುದ್ಧನೌಕೆಯ ಪಕ್ಕಕ್ಕೇ ಬಂದು ಸಿಡಿದು 17 ನಾವಿಕರು ಸತ್ತರು. ಈಗ ಅಮೆರಿಕದ ಬಂದರುಗಳಲ್ಲಿ ನೌಕಾಪಡೆಯ ದೊಡ್ಡ ಹಡಗಿನಿಂದ 500 ಗಜದೊಳಗೆ ಬರುವ ದೋಣಿ ದಾರಿ ತಪ್ಪದಷ್ಟೇ ವೇಗದಲ್ಲಿ, ನಿಧಾನವಾಗಿ ಸಾಗಬೇಕು. 100 ಗಜದೊಳಗೆ ಅನುಮತಿಯಿಲ್ಲದೆ ಬರುವಂತಿಲ್ಲ. ಇದು ಕಠಿಣ ನಿಯಮವೇ ಹೌದು, ಆದರೆ ರಜೆಯ ದಿನ ಮಕ್ಕಳೊಡನೆ ದೋಣಿ ತೆಗೆದವನಿಗೂ ಗೆರೆ ಎಲ್ಲಿದೆ ಎಂದು ಗೊತ್ತಿರುತ್ತದೆ, ಉಳಿದ ನೀರು ಅವನದೇ ಆಗಿರುತ್ತದೆ.

ಗೆರೆಯು ಕಾವಲಿನವರನ್ನೂ ಕಟ್ಟಬೇಕು. 2024ರ ಡಿಸೆಂಬರ್ 18ರಂದು, ನಾವು ಹೋದ ಅದೇ ಎಲಿಫೆಂಟಾ ದಾರಿಯಲ್ಲಿ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ನಿಯಂತ್ರಣ ತಪ್ಪಿ ‘ನೀಲ್‌ಕಮಲ್’ ಎಂಬ ಪ್ರಯಾಣಿಕರ ದೋಣಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಜನ ತುಂಬಿದ ನೀರಿನಲ್ಲಿ ಪರೀಕ್ಷೆಯ ಓಟಕ್ಕೂ ಬೇರೆ ಜಾಗ, ಬೇರೆ ಹೊತ್ತು ಗೊತ್ತುಮಾಡಬೇಕೆಂದು ಕೇಳುವುದು ಭದ್ರತೆಯ ವಿರುದ್ಧದ ಮಾತಲ್ಲ.

ನಮ್ಮ ಹೊಳೆಯಲ್ಲಿ ಯುದ್ಧನೌಕೆಗಳಿಲ್ಲ. ಅಣೆಕಟ್ಟಿನ ಹತ್ತಿರದ ನೀರನ್ನು ಮುಚ್ಚಿಡಲಿ, ಅದಕ್ಕೆ ನನ್ನ ಒಪ್ಪಿಗೆ ಪೂರ್ತಿ ಇದೆ. ಉಳಿದ ಕಡೆ ಹರಿಗೋಲು ನಿಲ್ಲಿಸುವಾಗ ಜಲಾಶಯದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆ ನಿಲುಗಡೆ, ಎಷ್ಟಕ್ಕೆ ಇಳಿದರೆ ಮತ್ತೆ ಆರಂಭ, ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬಾರದು ಎಂಬುದನ್ನು ದಡದ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಲಿ ಎಂದು ಕಳೆದ ತಿಂಗಳು ಅರ್ಜಿ ಬರೆದು ಕೊಟ್ಟಿದ್ದೇನೆ. ಅದರ ಜೊತೆಗೆ ಅಜ್ಜನ ಬಂಡೆಯ ಒಂದು ಫೋಟೋವನ್ನೂ ಲಗತ್ತಿಸಿದ್ದೇನೆ.